ಬಿಗಿದ ಮುಷ್ಟಿಗೆ ಬೊಟುಲಿನಮ್ ಇಂಜೆಕ್ಷನ್: ಹಾಕಿಸಿದ ಮೇಲೇ ಇರುವುದು ಕೆಲಸ

ಲಕ್ವ ಹೊಡೆದು ಕೆಲವು ತಿಂಗಳಾದ ಮೇಲೆ ಅನೇಕರ ಕೈ ಬಿಗಿಯುತ್ತಾ ಹೋಗುತ್ತದೆ. ಮೊಣಕೈ ಮಡಚಿಕೊಳ್ಳುತ್ತದೆ, ಮುಷ್ಟಿ ಬಿಚ್ಚುವುದಿಲ್ಲ, ಉಗುರು ಅಂಗೈಗೇ ಒತ್ತುತ್ತದೆ. ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್ ಇದಕ್ಕೆ ಒಳ್ಳೆಯ ಮದ್ದು. ಆದರೆ ಹಾಕಿಸಿಕೊಂಡು ಬಂದು ಸುಮ್ನೆ ಕೂರುವವರೇ ಜಾಸ್ತಿ. ಆಮೇಲೆ ದುಡ್ಡು ದಂಡವಾಯಿತು ಎಂದು ಬೇಸರ ಪಡುತ್ತಾರೆ.

1. ಏನು ಬೇಕೆಂದು ಮೊದಲೇ ಬರೆದಿಡಿ. ‘ಕೈ ಸರಿಹೋಗಬೇಕು’ ಅಂತಲ್ಲ. ‘ಅಂಗೈ ತೊಳೆಯಲು ಬರಬೇಕು’, ‘ತೋಳಿಗೆ ಅಂಗಿ ಏರಬೇಕು’ ಅಂತ. ಯಾವ ಸ್ನಾಯುವಿಗೆ ಚುಚ್ಚಬೇಕೆಂದು ವೈದ್ಯರು ನಿರ್ಧರಿಸುವುದು ಇದನ್ನು ನೋಡಿಯೇ. ಮದ್ದು ಬಿಗಿತ ಇಳಿಸುತ್ತದೆ, ಹೋದ ಶಕ್ತಿಯನ್ನು ತರುವುದಿಲ್ಲ. ಕೀಲೇ ಸೆಟೆದು ನಿಂತಿದ್ದರೆ ಇದೊಂದರಿಂದಲೇ ಬಿಡುವುದೂ ಇಲ್ಲ.

2. ರಕ್ತ ತೆಳುವಾಗಿಸುವ ಮಾತ್ರೆ, ಮಯಸ್ತೇನಿಯಾದಂಥ ಸ್ನಾಯು ದೌರ್ಬಲ್ಯ, ನುಂಗಲು ಕಷ್ಟ, ಗರ್ಭ, ಯಾವುದಿದ್ದರೂ ಮುಚ್ಚಿಡಬೇಡಿ.

3. ಇಂಜೆಕ್ಷನ್ನಿಗೆ ಹೆಚ್ಚು ಹೊತ್ತು ಬೇಕಿಲ್ಲ. ಮುಂಗೈ ಸ್ನಾಯುಗಳು ಒಂದರ ಕೆಳಗೊಂದು ಇರುವುದರಿಂದ ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುವವರ ಬಳಿಯೇ ಹೋಗಿ. ಮದ್ದಿನ ಹೆಸರು, ಎಷ್ಟು ಯೂನಿಟ್ ಎಂಬುದನ್ನು ಬರೆಸಿಕೊಳ್ಳಿ. ಬೊಟಾಕ್ಸ್, ಡಿಸ್ಪೋರ್ಟ್ ಎರಡೂ ಇದೇ ಮದ್ದಿನ ಬ್ರ್ಯಾಂಡ್‌ಗಳು, ಆದರೆ ಬೊಟಾಕ್ಸ್‌ನ 100 ಯೂನಿಟ್ಟೂ ಡಿಸ್ಪೋರ್ಟ್‌ನ 100 ಯೂನಿಟ್ಟೂ ಒಂದೇ ಅಲ್ಲ. ಯೂನಿಟ್ ಲೆಕ್ಕದಲ್ಲಿ ಅಗ್ಗ ಹುಡುಕಿದರೆ ಮೋಸಹೋಗುತ್ತೀರಿ.

4. ಎಲ್ಲರೂ ಎಡವುವುದು ಇಲ್ಲೇ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದರೆ ಸ್ನಾಯು ಬಿಗಿಯುತ್ತದೆ. ಮದ್ದು ಅದನ್ನು ತಡೆಯುತ್ತದೆ. ಪರಿಣಾಮ ಕೆಲವು ದಿನಗಳಲ್ಲಿ ಶುರುವಾಗಿ, ಕೆಲವು ವಾರಗಳಲ್ಲಿ ಪೂರ್ತಿ ಕಂಡು, ಸುಮಾರು 3 ತಿಂಗಳಿಗೆ ಇಳಿಯುತ್ತದೆ. ಸ್ನಾಯುವನ್ನು ಎಳೆದು ಉದ್ದ ಮಾಡಬೇಕಾದ್ದು ಈ ಗಡುವಿನೊಳಗೆ.

ಕೈ ಬಿಚ್ಚಿಸುವವರು ರೋಗಿಯ ಬೆರಳ ತುದಿ ಹಿಡಿದು ಎಳೆಯಲೇಬೇಡಿ. ನೋಯುತ್ತದೆ, ಮುಷ್ಟಿ ಇನ್ನಷ್ಟು ಬಿಗಿಯುತ್ತದೆ. ಮೊದಲು ಮಣಿಕಟ್ಟನ್ನು ಅಂಗೈ ಕಡೆಗೆ ಬಾಗಿಸಿ. ಬೆರಳಿನ ಸ್ನಾಯುರಜ್ಜುಗಳು ಸಡಿಲಾಗಿ ಮುಷ್ಟಿ ತಾನಾಗಿ ಸ್ವಲ್ಪ ಬಿಡುತ್ತದೆ. ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಕ್ಕೆ ತನ್ನಿ. ನಿಮ್ಮ ಅಂಗೈಯನ್ನು ಅವರ ಬೆರಳುಗಳ ಉದ್ದಕ್ಕೂ ಒರಗಿಸಿ, ನಾಲ್ಕನ್ನೂ ಒಟ್ಟಿಗೆ ಬಿಚ್ಚಿ. ಬೆರಳು ನೇರವಾಗಿರುವಂತೆಯೇ ಮಣಿಕಟ್ಟನ್ನು ನಿಧಾನಕ್ಕೆ ಹಿಂದಕ್ಕೆ ತನ್ನಿ. ಬಿಗಿ ಎದುರಾದಲ್ಲಿ ನಿಲ್ಲಿ, ಒತ್ತಬೇಡಿ, ಕಾಯಿರಿ. ಅರ್ಧ ನಿಮಿಷ, ಒಂದು ನಿಮಿಷ ಕಳೆದಾಗ ಅದು ಸ್ವಲ್ಪ ಬಿಟ್ಟುಕೊಡುವುದು ನಿಮ್ಮ ಕೈಗೇ ತಿಳಿಯುತ್ತದೆ. ದಿನಕ್ಕೆ ಎಷ್ಟು ಸಲ ಎಂಬುದನ್ನು ಫಿಸಿಯೋಥೆರಪಿಸ್ಟ್ ಹೇಳುತ್ತಾರೆ. ಅವರೆದುರೇ ಒಮ್ಮೆ ಮಾಡಿ ತೋರಿಸಿ, ತಿದ್ದಿಸಿಕೊಳ್ಳಿ.

ಹಿಸುಕುವ ರಬ್ಬರ್ ಚೆಂಡನ್ನು ಎತ್ತಿಡಿ. ಮುಚ್ಚಲು ಗೊತ್ತಿರುವ ಮುಷ್ಟಿಗೆ ಮುಚ್ಚುವ ಅಭ್ಯಾಸ ಯಾಕೆ, ಅಲ್ವಾ? ಅಂಗಡಿಯಲ್ಲಿ ಸಿಗುವ ಒಂದೇ ಅಳತೆಯ ಪಟ್ಟಿಗಿಂತ ಕೈಗೆ ಅಳತೆ ಮಾಡಿದ ಸ್ಪ್ಲಿಂಟ್ (ಕೈಯನ್ನು ಬಿಚ್ಚಿದಂತೆಯೇ ಹಿಡಿದಿಡುವ ಆಸರೆ) ಹಾಕಿಸಿ. ಅದನ್ನು ತೆಗೆದಾಗಲೆಲ್ಲ ಚರ್ಮ ನೋಡಿ. ಆ ಕೈಗೆ ಸ್ಪರ್ಶ ಕಡಿಮೆಯಿದ್ದರೆ ಗಾಯವಾಗುತ್ತಿರುವುದೂ ಗೊತ್ತಾಗುವುದಿಲ್ಲ.

5. ನುಂಗಲು, ಉಸಿರಾಡಲು, ಮಾತಾಡಲು ಕಷ್ಟವಾದರೆ, ಅದು ಕೆಲವು ವಾರ ಕಳೆದು ಬಂದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ.

6. ಮುಂದಿನ ಡೋಸ್ ಸಾಮಾನ್ಯವಾಗಿ 12 ವಾರಕ್ಕಿಂತ ಮೊದಲು ಬೇಡ. ಬೇಗ ಬೇಗ ಹಾಕಿಸಿದರೆ ದೇಹ ಮದ್ದಿನ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು, ಅದು ನಾಟದೆ ಹೋಗಬಹುದು. ಹೋಗುವಾಗ ಮೊದಲ ದಿನ ಬರೆದ ಚೀಟಿಯ ಜೊತೆ ಯಾವ ವಾರ ಕೈ ಸಡಿಲಾಯಿತು, ಯಾವ ವಾರ ಮತ್ತೆ ಬಿಗಿಯಿತು ಎಂಬ ಟಿಪ್ಪಣಿಯನ್ನೂ ವೈದ್ಯರಿಗೆ ಕೊಡಿ. ಡೋಸ್ ಬದಲಿಸಬೇಕೋ ಸ್ನಾಯು ಬದಲಿಸಬೇಕೋ ಎಂದು ಅವರು ನಿರ್ಧರಿಸಲು ಅದು ಬೇಕಾಗುತ್ತದೆ.