ಎಸ್ಟೀಮ್‌ಗೆ ಅಂಡರ್‌ಡ್ರೈವ್ ಪುಲ್ಲಿ: ಮೂರನೇ ಸಲಕ್ಕೆ ಕೂತಿದ್ದು

ಇಂಜಿನ್ನಿನ ಕ್ರ್ಯಾಂಕ್ ತುದೀಲಿರೋ ಪುಲ್ಲಿ ಬೆಲ್ಟ್ ಮೂಲಕ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋದು), ವಾಟರ್ ಪಂಪ್, ಎಸಿ ತಿರುಗಿಸುತ್ತೆ. ಅದನ್ನ ಕಂಪನಿದಕ್ಕಿಂತ ಸಣ್ಣದು ಹಾಕಿದ್ರೆ ಇವೆಲ್ಲ ನಿಧಾನ ತಿರುಗಿ ಇಂಜಿನ್ ಪವರ್ ಕಮ್ಮಿ ತಿನ್ನುತ್ತವೆ, ಅದೇ ಅಂಡರ್‌ಡ್ರೈವ್ ಪುಲ್ಲಿ. ನಮ್ಮ ಗ್ಯಾರೇಜ್ ಅಣ್ಣ ಮೊದ್ಲಿಂದ ಹೇಳ್ತಾನೇ ಇದ್ರು, "ಕಂಪನಿಯೋರು ಲೆಕ್ಕ ಹಾಕಿ ಮಾಡಿರೋದನ್ನ ನೀನೇನ್ಲಾ ಸರಿಮಾಡೋದು, ಬುಡು" ಅಂತ. ಈಗ ಸುಮಾರು 11 ಸಾವಿರ ಕಿಲೋಮೀಟರ್ ಓಡಿದೆ, ಮಂಡ್ಯ-ಮೈಸೂರು ದಿನಾ ಓಡಾಟ, ಬೆಲ್ಟ್ ಕಿರುಚಿಲ್ಲ, ಬ್ಯಾಟರಿ ಇಳಿದಿಲ್ಲ. ಅದಕ್ಕೇ ಬರೀತಿದೀನಿ.

ಕಾರು 97ರ ಮಾರುತಿ ಎಸ್ಟೀಮ್, ಕಾರ್ಬ್ಯುರೇಟರ್ ಇರೋದು, 1298 ಸಿಸಿ, ಅಪ್ಪ ಇಟ್ಕೊಂಡಿದ್ದು. ಇದರ ಕ್ರ್ಯಾಂಕ್ ಪುಲ್ಲಿ ಬಿಚ್ಚಿ ನೋಡಿದಾಗ ಪೂರ್ತಿ ಸ್ಟೀಲು, ನಡುವೆ ರಬ್ಬರ್ ಇಲ್ಲ. ಅಲ್ಲಿಂದಲೇ ನನಗೆ ಧೈರ್ಯ ಬಂದಿದ್ದು. ರಬ್ಬರ್ ಇರೋ ಪುಲ್ಲಿ ಅಂದ್ರೆ ಅದು ಬರೀ ಪುಲ್ಲಿ ಅಲ್ಲ, ಕ್ರ್ಯಾಂಕ್ ತಿರುಚೋ ಕಂಪನ ತಡೆಯೋ ಡ್ಯಾಂಪರ್, ಅದನ್ನ ತೆಗೆದು ಗಟ್ಟಿ ಅಲ್ಯೂಮಿನಿಯಂ ಹಾಕಿದ್ರೆ ಇವತ್ತಲ್ಲ ನಾಳೆ ಬೇರಿಂಗ್‌ಗೋ ಕ್ರ್ಯಾಂಕ್‌ಗೋ ಹೊಡೆತ. ಮದ್ದೂರಿನ ಸ್ನೇಹಿತ ಒಬ್ಬ ಅಂಥ ಪುಲ್ಲಿ ಇರೋ ತನ್ನ ಡೀಸೆಲ್ ಕಾರಿಗೆ ಮಾಡ್ಕೊಡು, ಎಷ್ಟಾದ್ರೂ ಕೊಡ್ತೀನಿ ಅಂದ, ನಾನು ಆಗಲ್ಲ ಅಂದೆ, ಈಗಲೂ ಅದೇ ಮಾತು.

ಪುಲ್ಲಿ ಮಾಡಿಸೋಕೆ ಮುಂಚೆ ಒಂದು ಪ್ರಯೋಗ ಮಾಡ್ದೆ, ಇದನ್ನ ಯಾರೂ ಮಾಡಲ್ಲ. ಭಾನುವಾರ ಬೆಳಗ್ಗೆ ಐದೂವರೆಗೆ ಇಲವಾಲ ದಾಟಿ ಖಾಲಿ ರಸ್ತೇಲಿ, ಮೂರನೇ ಗೇರಲ್ಲಿ 40ರಿಂದ 80ಕ್ಕೆ ಎಷ್ಟು ಸೆಕೆಂಡು ಅಂತ ಹೋಗ್ತಾ ಬರ್ತಾ ನಾಕ್ನಾಕು ಸಲ ನೋಡ್ದೆ, ಸರಾಸರಿ 10.4 ಹತ್ರ. ಆಮೇಲೆ ಈ ಪುಲ್ಲಿಯಿಂದ ತಿರುಗೋ ಎಲ್ಲಾ ಬೆಲ್ಟೂ (ಒಳಗಿನ ಟೈಮಿಂಗ್ ಬೆಲ್ಟ್ ಅಲ್ಲ) ಬಿಚ್ಚಿ, ಒಂದೊಂದೇ ಓಟ, ಮಧ್ಯೆ ಇಂಜಿನ್ ಪೂರ್ತಿ ಆರಕ್ಕೆ ಬಿಟ್ಟು (ವಾಟರ್ ಪಂಪ್ ತಿರುಗಲ್ಲ, ಅರ್ಧ ನಿಮಿಷಕ್ಕಿಂತ ಜಾಸ್ತಿ ಓಡಿಸ್ಬೇಡಿ) ನೋಡಿದ್ರೆ 9.8. ಅಂದ್ರೆ ಬೆಲ್ಟೇ ಇಲ್ದೆ ಇದ್ರೂ ಸಿಗೋದು ಅರ್ಧ ಸೆಕೆಂಡ್ ಚಿಲ್ಲರೆ. ಯಾವ ಪುಲ್ಲಿ ಹಾಕಿದ್ರೂ ಅದಕ್ಕಿಂತ ಜಾಸ್ತಿ ಬರೋಕೆ ಸಾಧ್ಯ ಇಲ್ಲ. 10 ಎಚ್‌ಪಿ ಬರುತ್ತೆ ಅಂತ ಮಾರೋರ ಮಾತು ಆವತ್ತೇ ತಲೆಯಿಂದ ತೆಗೆದೆ.

ಮೊದಲ್ನೇದು ದುರಾಸೆ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಲೇತ್ ಅಂಗಡೀಲಿ 6061 ಗ್ರೇಡಿನ ಅಲ್ಯೂಮಿನಿಯಂ ರೌಂಡ್ ಕೊಟ್ಟು 20 ಪರ್ಸೆಂಟ್ ಸಣ್ಣದು ಮಾಡಿಸ್ದೆ. ಮಾಲು ಸಾವಿರದ ಚಿಲ್ಲರೆ, ಕೂಲಿ ಎರಡೂವರೆ ಸಾವಿರ. ಹಳೇದು ಎರಡು ಕೆಜಿ ಹತ್ರ ಇತ್ತು, ಇದು 700 ಗ್ರಾಂ. ಓಡಿಸೋಕೆ ಚೆನ್ನಾಗೇ ಇತ್ತು, ಆದ್ರೆ ದಸರಾ ಲೈಟಿಂಗ್ ನೋಡಕ್ಕೆ ಮನೆಯೋರನ್ನ ಕೂರಿಸ್ಕೊಂಡು ಹೋದಾಗ ಕೆ.ಆರ್. ಸರ್ಕಲ್ ಹತ್ರ ಜಾಮು, ಎಸಿ ಹೆಡ್‌ಲೈಟ್ ಫ್ಯಾನ್ ಎಲ್ಲಾ ಆನ್, ಐಡಲಲ್ಲಿ ವೋಲ್ಟೇಜ್ 12.3ಕ್ಕೆ ಇಳೀತು, ಹಾರ್ಡಿಂಜ್ ಸರ್ಕಲ್ ತಲುಪೋ ಹೊತ್ಗೆ ಆಫ್ ಆಗಿದ್ದು ಮತ್ತೆ ಸ್ಟಾರ್ಟ್ ಆಗ್ಲಿಲ್ಲ. ಜನರ ಮಧ್ಯೆ ತಳ್ಳಿದ್ದು ಇವತ್ತಿಗೂ ನೆನಪಿದೆ. ಬ್ಯಾಟರಿ ಹೋಯ್ತು, ಮೂರೂವರೆ ಸಾವಿರ. ಅದಾದ ಮೇಲೆ ಚಾಮುಂಡಿ ಬೆಟ್ಟಕ್ಕೆ ತೆವಳ್ಕೊಂಡು ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲಕ್ಕೆ. ಈ ಇಂಜಿನ್‌ನಲ್ಲಿ ವಾಟರ್ ಪಂಪೂ ಆಲ್ಟರ್ನೇಟರೂ ಒಂದೇ ಬೆಲ್ಟು, ಎರಡೂ ಒಟ್ಟಿಗೆ ನಿಧಾನ ಆಗುತ್ತೆ. ಪಂಪ್ ಎಳೆಯೋ ಪವರ್ ಸ್ಪೀಡಿನ ಘನದ ಲೆಕ್ಕ, ಸ್ಪೀಡು 20 ಪರ್ಸೆಂಟ್ ಇಳಿದ್ರೆ ಪವರ್ ಹತ್ತತ್ರ ಅರ್ಧಕ್ಕೆ ಬರುತ್ತೆ. ಉಳಿತಾಯ ಅಲ್ಲೇ ಇರೋದು, ಇಂಜಿನ್ ಬಿಸಿ ಆಗೋ ತೊಂದ್ರೆನೂ ಅಲ್ಲೇ ಇರೋದು.

ಎರಡನೇದು 10 ಪರ್ಸೆಂಟ್. ಲೆಕ್ಕ ಸರಿ, ಕೆಲಸ ಕೆಟ್ಟದು. ಬೋರ್ (ನಡುವಿನ ತೂತು) ಹೊಡೆದು, ಲೇತಿಂದ ಬಿಚ್ಚಿ, ತಿರುಗಿಸಿ ಕಟ್ಟಿ ಗ್ರೂವ್ (ಬೆಲ್ಟ್ ಕೂರೋ ಗಾಡಿ) ಹೊಡೆದಿದ್ರು, ಡಯಲ್ ಗೇಜ್ ಇಟ್ಟು ನೋಡಿದ್ರೆ 0.4 ಎಂಎಂ ಅಲ್ಲಾಟ. 300 ಕಿಲೋಮೀಟರಲ್ಲಿ ಬೆಲ್ಟಿನ ಅಂಚು ನಾರುನಾರಾಗಿ ಶ್ರೀರಂಗಪಟ್ಟಣದ ಹತ್ರ ಹಾರಿಹೋಯ್ತು. ಸಾಲ್ದು ಅಂತ ಟೈಮಿಂಗ್ ಮಾರ್ಕ್ (ಪ್ಲಗ್ ಕಿಡಿ ಹೊಡೆಯೋ ಹೊತ್ತು ಸರಿಮಾಡೋಕೆ ನೋಡೋ ಗುರುತು) ಹಾಕೋದೇ ಮರೆತಿದ್ರು, ಟೈಮಿಂಗ್ ಲೈಟ್ ಹಿಡಿಯೋಕೆ ಏನೂ ಇಲ್ಲ. ಹಳೇ ಪುಲ್ಲಿ ಪಕ್ಕದಲ್ಲಿಟ್ಕೊಂಡು ಗುರುತು ಹಾಕಿಸ್ಕೊಳ್ಳಿ, ದಯವಿಟ್ಟು.

ಈ ಮಧ್ಯೆ ಇನ್ನೊಂದು ಮಾಡ್ದೆ, ಹಳೇ ಸೈಜಲ್ಲೇ ಅಲ್ಯೂಮಿನಿಯಂ ಪುಲ್ಲಿ, ಬರೀ ತೂಕ ಕಮ್ಮಿ ಆದ್ರೆ ಏನಾಗುತ್ತೆ ಅಂತ ತಿಳ್ಕೊಳ್ಳೋಕೆ. ಸ್ಟಾಪ್‌ವಾಚಲ್ಲಿ ಏನೂ ಇಲ್ಲ. ನ್ಯೂಟ್ರಲಲ್ಲಿ ಆಕ್ಸಿಲರೇಟರ್ ತುಳಿದ್ರೆ ಚುರುಕಾಗಿ ಏರುತ್ತೆ, ಐಡಲ್ ಒಂಚೂರು ಒರಟು, ಅಷ್ಟೇ. ಅಷ್ಟು ಸಣ್ಣ ವ್ಯಾಸದಲ್ಲಿ ಒಂದು ಕೆಜಿ ಕಮ್ಮಿ ಮಾಡೋದು ಕ್ರ್ಯಾಂಕಿನ ಇನ್ನೊಂದು ತುದೀಲಿರೋ ಭಾರದ ಫ್ಲೈವೀಲ್ ಮುಂದೆ ಲೆಕ್ಕಕ್ಕೇ ಇಲ್ಲ. ಲೈಟ್‌ವೇಟ್ ಅನ್ನೋ ಮಾತಿಗೆ ದುಡ್ಡು ಹಾಕ್ಬೇಡಿ, ಕೆಲಸ ಮಾಡೋದು ವ್ಯಾಸ.

ಕೊನೇದನ್ನ ಬನ್ನಿಮಂಟಪದ ಕಡೆ ಒಬ್ಬ ಹಿರಿಯರ ಹತ್ರ ಮಾಡಿಸ್ದೆ. "ಒಂದೇ ಕಟ್ಟಲ್ಲಿ ಬೋರು ಗ್ರೂವು ಎರಡೂ ಹೊಡೀಬೇಕು ಯಜಮಾನ್ರೇ" ಅಂದೆ, "ಅದು ಬಿಟ್ಟು ಇನ್ನೆಂಗಪ್ಪಾ ಹೊಡೀತಾರೆ" ಅಂದ್ರು, ಆಗಲೇ ಗೊತ್ತಾಯ್ತು ಕೈ ಸರಿಯಾದ ಕೈ ಅಂತ. ಅಲ್ಲಾಟ 0.05 ಒಳಗೆ. ಸೈಜು 10 ಪರ್ಸೆಂಟ್, ಅಂದ್ರೆ 14 ಎಂಎಂ ಕಮ್ಮಿ, ಬೆಲ್ಟ್ 22 ಎಂಎಂ ಹತ್ರ ಸಡಿಲ ಆಗುತ್ತೆ, ಆಲ್ಟರ್ನೇಟರ್ ಸ್ಲಾಟೇ ಅದನ್ನ ಎಳ್ಕೊಳ್ತು, ಎಸಿಗೆ ಮಾತ್ರ ಚಿಕ್ಕ ಬೆಲ್ಟ್. ಗ್ರೂವ್ ಸವೀಬಾರ್ದು ಅಂತ ಪೀಣ್ಯದಲ್ಲಿ ಹಾರ್ಡ್ ಆನೋಡೈಸ್ ಮಾಡಿಸ್ದೆ, 600 ರೂಪಾಯಿ, ಬಸ್ ಚಾರ್ಜ್ ಬೇರೆ. ಬೋಲ್ಟ್ ಸಡಿಲ ಆಗದಂಗೆ ಪುಲ್ಲಿಯ ನಡುವಿನ ಉಬ್ಬಿನ (ಬಾಸ್) ಹತ್ರ ಒಂದು ಕೆಲಸ ಮಾಡಿದೀನಿ, ಅದು ಇಲ್ಲಿ ಬರೆಯಲ್ಲ.

ಆದ್ರೆ ಇದನ್ನ ಹೇಳ್ತೀನಿ, ಆಲ್ಟರ್ನೇಟರ್ ಪುಲ್ಲೀನೂ ಅಷ್ಟೇ ಪ್ರಮಾಣದಲ್ಲಿ ಸಣ್ಣದು ಹಾಕ್ದೆ. ಗುಜರೀಲಿ ಹುಡುಕಿದ್ದು, 150 ರೂಪಾಯಿ. ಆಲ್ಟರ್ನೇಟರ್ ಹಳೇ ಸ್ಪೀಡಿಗೆ ಬಂತು, ಪಂಪು, ಎಸಿ ಮಾತ್ರ ನಿಧಾನ ಉಳಿದ್ವು. ಐಡಲಲ್ಲಿ ಎಲ್ಲಾ ಆನ್ ಮಾಡಿದ್ರೂ 13.7. ಅದೇ ಲೈಟು ಅದೇ ಫ್ಯಾನು ಉರೀಬೇಕಾದ್ರೆ ಆಲ್ಟರ್ನೇಟರ್ ಎಳೆಯೋ ಲೋಡು ಹೆಂಗೂ ಹತ್ತತ್ರ ಅಷ್ಟೇ, ಹಾಗಾಗಿ ಟೈಮಲ್ಲಿ ಹೇಳ್ಕೊಳೋ ಅಷ್ಟು ನಷ್ಟ ಆಗ್ಲಿಲ್ಲ.

ಇಲವಾಲದ ಅದೇ ರಸ್ತೇಲಿ ಈಗ 10.1. ಮೈಲೇಜ್ ವ್ಯತ್ಯಾಸ ನಾನು ನೋಡಿಲ್ಲ, ಕಾರ್ಬ್ ಕಾರಲ್ಲಿ ಅದಕ್ಕಿಂತ ಜಾಸ್ತಿ ನಮ್ಮ ಕಾಲೇ ವ್ಯತ್ಯಾಸ ಮಾಡುತ್ತೆ. ಮೇ ತಿಂಗಳ ಮಧ್ಯಾಹ್ನ ಸಿಗ್ನಲಲ್ಲಿ ಎಸಿ ಸ್ವಲ್ಪ ಮಂಕು, ಅದನ್ನ ಒಪ್ಕೊಂಡಿದೀನಿ. ಬೆಟ್ಟ ಮೂರು ಸಲ ಹತ್ತಿಸ್ದೆ, ಮುಳ್ಳು ಅರ್ಧದಲ್ಲೇ. ಎಲ್ಲಾ ಸೇರಿ ಕೈಬಿಟ್ಟಿದ್ದು 17 ಸಾವಿರ ಇರ್ಬೇಕು, ಅದ್ರಲ್ಲಿ ಈಗ ಕಾರಲ್ಲಿ ಇರೋದು ಐದು ಸಾವಿರದ್ದು.

ಹೋದ ವಾರ ಗ್ಯಾರೇಜ್ ಅಣ್ಣ ಓಡಿಸಿ ನೋಡಿ ಏನೂ ಮಾತಾಡ್ಲಿಲ್ಲ, ಬಾನೆಟ್ ಎತ್ತಿ ಬೆಲ್ಟ್ ಒತ್ತಿ ನೋಡಿದ್ರು, ಆಮೇಲೆ "ಪಾಂಡವಪುರದ ಗಿರಾಕಿ ಒಬ್ರದ್ದು ಇದೇ ಗಾಡಿ ಐತೆ, ಒಂದು ಹಾಕ್ಕೊಡ್ತೀಯಾ" ಅಂದ್ರು. ಅವರ್ದರಲ್ಲಿ ಎಸಿ ಕೆಟ್ಟು ಬೆಲ್ಟೇ ತೆಗೆದಿದಾರಂತೆ, ಅದಕ್ಕೆ 12 ಪರ್ಸೆಂಟ್ ಮಾಡಿ ನೋಡೋಣ ಅಂತಿದೀನಿ, ಮಾಲು ಆಗಲೇ ತಂದಿಟ್ಟಿದೀನಿ.