ಖಾಲಿ ರೂಮಿನ ಶವರ್ ಮೇಲೇ ನನ್ನ ಕಣ್ಣು

ಹೋಟೆಲ್ ಮೇಂಟೆನೆನ್ಸ್ ನನ್ನ ಕೆಲಸ. ಗೆಸ್ಟ್ ಇರುವ ರೂಮಿಗಿಂತ ಬೀಗ ಹಾಕಿದ ರೂಮೇ ನನಗೆ ಜಾಸ್ತಿ ಚಿಂತೆ. ಅಲ್ಲಿ ನೀರು ಪೈಪಿನಲ್ಲೇ ನಿಂತಿರುತ್ತದೆ. ಅದು 20ರಿಂದ 45 ಡಿಗ್ರಿ ಒಳಗೆ ಬೆಚ್ಚಗಿದ್ದರೆ ಪೈಪಿನ ಒಳಗೋಡೆಯ ಲೋಳೆಯಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹೊಸ ಗೆಸ್ಟ್ ಬಂದು ಶವರ್ ತಿರುಗಿಸಿದರೆ ಸಾಕು, ಸಣ್ಣ ಹನಿಗಳು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತವೆ, ನ್ಯುಮೋನಿಯಾ ಬರಬಹುದು. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದಕ್ಕೆ ಸಮಾವೇಶಕ್ಕೆಂದು ಬಂದವರು ಇಂಥದೇ ನ್ಯುಮೋನಿಯಾಕ್ಕೆ ತುತ್ತಾಗಿ ಹಲವರು ಸತ್ತ ಮೇಲೆಯೇ ಈ ಬ್ಯಾಕ್ಟೀರಿಯಾ ಪತ್ತೆಯಾದದ್ದು.

ನನ್ನ ಮುಖ್ಯ ಆಯುಧ ಥರ್ಮಾಮೀಟರ್. ಬಿಸಿನೀರಿನ ಟ್ಯಾಂಕ್ 60 ಡಿಗ್ರಿ ಇರಬೇಕು. ಬಾಯ್ಲರಿನಿಂದ ಅತಿ ದೂರದ ರೂಮಿಗೆ ಹೋಗಿ ನಲ್ಲಿ ಬಿಟ್ಟು, ಒಂದು ನಿಮಿಷದೊಳಗೆ ಮುಳ್ಳು 50 ದಾಟುತ್ತಾ ಅಂತ ನೋಡುತ್ತೇನೆ. ದಾಟದಿದ್ದರೆ ಆ ಲೈನಿನಲ್ಲಿ ಏನೋ ತೊಂದರೆ ಇದೆ. ತಣ್ಣೀರು 20ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಕರೆಂಟ್ ಉಳಿಸೋಣ ಅಂತ ಬಾಯ್ಲರ್ 45ಕ್ಕೆ ಇಳಿಸುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಮೈ ಸುಡುತ್ತದೆ ಎಂಬ ಭಯ ನಿಜವೇ, ಅದಕ್ಕೆ ಶವರಿನ ಹತ್ತಿರವೇ ಬಿಸಿನೀರಿಗೆ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿಸಬೇಕು, ಟ್ಯಾಂಕ್ ತಣ್ಣಗೆ ಮಾಡಬಾರದು.

ಖಾಲಿ ರೂಮುಗಳಲ್ಲಿ ವಾರಕ್ಕೊಮ್ಮೆಯಾದರೂ ನೀರು ಹರಿಸುತ್ತೇವೆ. ಸುಮ್ನೆ ಶವರ್ ತಿರುಗಿಸಿ ಮುಂದೆ ನಿಲ್ಲುವುದಲ್ಲ, ಹಾಗೆ ಮಾಡಿದರೆ ಹರಿಸುವವರೇ ಆ ಹನಿ ಉಸಿರಾಡುತ್ತಾರೆ ಅಲ್ವಾ? ಶವರ್ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಚೀಲದ ಕೆಳಮೂಲೆ ಕತ್ತರಿಸಿ, ನೀರು ಸಿಡಿಯದೆ ಧಾರೆಯಾಗಿ ಇಳಿಯುವಂತೆ ನಿಧಾನಕ್ಕೆ ತೆರೆಯುತ್ತೇವೆ. ಬಿಸಿ, ತಣ್ಣೀರು ಎರಡೂ ಕೆಲವು ನಿಮಿಷ ಹರಿಯಬೇಕು. ಮೂರು ತಿಂಗಳಿಗೊಮ್ಮೆ ಶವರ್ ತಲೆ ಬಿಚ್ಚಿ ತೂತುಗಳಲ್ಲಿ ಕಟ್ಟಿದ ಬಿಳಿ ಉಪ್ಪು ತೆಗೆದು, ಕ್ಲೋರಿನ್ ದ್ರಾವಣದಲ್ಲಿ ನೆನೆಸಿಡುತ್ತೇವೆ. ಆ ಪದರದಲ್ಲೇ ಬ್ಯಾಕ್ಟೀರಿಯಾಕ್ಕೆ ಮನೆ.

ಬಳಕೆ ಬಿಟ್ಟ ಪೈಪಿನ ತುಂಡುಗಳನ್ನು ಕತ್ತರಿಸಿಯೇ ತೆಗೆಸಬೇಕು, ಬರೀ ಮುಚ್ಚಳ ಹಾಕಿದರೆ ಸಾಲದು. ಗೆಸ್ಟ್‌ಗಳು ಕೂತು ಮೀಯುವ ಬಿಸಿನೀರಿನ ಗುಳ್ಳೆ ತೊಟ್ಟಿ (ಜಕೂಜಿ) ಇದ್ದರಂತೂ ಕ್ಲೋರಿನ್ ಅಳತೆ ದಿನಾ ನೋಡಲೇಬೇಕು, ಅಲ್ಲಿ ಹನಿ ಮುಖದ ಮಟ್ಟದಲ್ಲೇ ಏಳುತ್ತದೆ. ನೀರನ್ನು ಲ್ಯಾಬಿಗೂ ಕಳಿಸುತ್ತೇವೆ, ಆದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ರಿಪೋರ್ಟ್ ಬರಲು ಹತ್ತು ದಿನವೂ ಆಗಬಹುದು, ಅಷ್ಟರಲ್ಲಿ ಎಷ್ಟೋ ಜನ ಬಂದು ಹೋಗಿರುತ್ತಾರೆ. ಹಾಗಾಗಿ ಲಾಗ್‌ಬುಕ್ಕಿನ ಟೆಂಪರೇಚರ್ ಕಾಲಂ ಖಾಲಿ ಬಿಡಲು ನಾನು ಯಾರಿಗೂ ಬಿಡುವುದಿಲ್ಲ.

ನೀವು ಪ್ರಯಾಣ ಮಾಡುವವರಾದರೆ, ರೂಮಿಗೆ ಹೋದ ಕೂಡಲೇ ಶವರ್ ಬಿಟ್ಟು ಬಾತ್‌ರೂಮಿನಿಂದ ಹೊರಗೆ ಬಂದು ಕೆಲವು ನಿಮಿಷ ಕಾಯಿರಿ. ಐವತ್ತು ದಾಟಿದವರು, ಸಿಗರೇಟು ಸೇದುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಗುಳ್ಳೆ ತೊಟ್ಟಿಗೆ ಇಳಿಯದಿರುವುದೇ ವಾಸಿ. ಊರಿಗೆ ಮರಳಿ ಎರಡು ವಾರದೊಳಗೆ ಜ್ವರ, ಕೆಮ್ಮು, ಉಸಿರಾಟದ ಕಷ್ಟ ಬಂದರೆ ಎಲ್ಲಿ ತಂಗಿದ್ದಿರಿ ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಪೆನಿಸಿಲಿನ್ ಥರದ ಔಷಧಿ ಇದಕ್ಕೆ ಕೆಲಸ ಮಾಡುವುದಿಲ್ಲ, ಲೀಜಿಯೊನೆಲ್ಲಾ ಪತ್ತೆಗೆ ಮೂತ್ರ ಪರೀಕ್ಷೆ ಮಾಡಿಸಬೇಕು ಅಂತ ಅವರಿಗೆ ಹೊಳೆಯುವುದು ಆ ಒಂದು ಮಾತಿನಿಂದಲೇ ಇರಬಹುದು.