ಎಕ್ಸ್‌ಪೋರ್ಟ್‌ಗೆ ಮಿಡಿ ಸೌತೆ ಬೆಳೆಯೋರು ನೋಡ್ಕೋಬೇಕಾಗಿರೋದು

ನಮ್ಮೂರ ಸಂತೇಲಿ ಕೇಳೋರೇ ಇಲ್ಲದ ಈ ಮಿಡಿ ಸೌತೆ, ಅಂದ್ರೆ ಉಪ್ಪುನೀರು, ವಿನೆಗರ್‌ನಲ್ಲಿ ಹಾಕಿಡೋ ಗರ್ಕಿನ್, 1990ರ ದಶಕದ ಶುರುನಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾಗಿ ಈಗ ಇದರ ಎಕ್ಸ್‌ಪೋರ್ಟ್‌ನಲ್ಲಿ ಇಂಡಿಯಾನೇ ಪ್ರಪಂಚದಲ್ಲಿ ನಂಬರ್ ಒನ್, 2020-21ರಲ್ಲಿ ಸೌತೆ ಗರ್ಕಿನ್ ಎಲ್ಲಾ ಸೇರಿ 2 ಲಕ್ಷ ಟನ್ ದಾಟಿ ಹೊರಗೆ ಹೋಗಿದೆ. ಯುರೋಪ್‌ನಲ್ಲಿ ಬಯಲಲ್ಲಿ ಬೆಳೆಯೋದು ಬೇಸಿಗೆಗೆ ಮಾತ್ರ, ನಮ್ಮಲ್ಲಿ ನೀರಿದ್ರೆ ವರ್ಷಪೂರ್ತಿ ಬರುತ್ತೆ, ಜೊತೆಗೆ ಒಂದೊಂದೇ ಕಾಯಿ ನೋಡಿ ಕೈಯಲ್ಲಿ ಕೀಳೋ ಜನ ಇದ್ದಾರೆ. ನಾವು ಗೆದ್ದಿರೋದು ಅಲ್ಲೇ.

ಮೊದ್ಲು ಕಂಪನಿ ಜೊತೆ ಅಗ್ರಿಮೆಂಟ್, ಆಮೇಲೆ ಬಿತ್ತನೆ. ಇದು ಉಲ್ಟಾ ಆದ್ರೆ ಕಥೆ ಮುಗೀತು, ಟೊಮ್ಯಾಟೊ ಥರ ಬೇರೆ ಮಂಡಿಗೆ ಹಾಕ್ತೀನಿ ಅನ್ನೋಕೆ ಇದಕ್ಕೆ ಮಂಡಿನೇ ಇಲ್ಲ. ಬೀಜ ಗೊಬ್ಬರ ಸಾಮಾನ್ಯವಾಗಿ ಕಂಪನಿಯವರೇ ಸಾಲದ ಲೆಕ್ಕದಲ್ಲಿ ಕೊಟ್ಟು ಕೊನೆಗೆ ನಿಮ್ಮ ದುಡ್ಡಲ್ಲಿ ಹಿಡ್ಕೋತಾರೆ, ಗ್ರೇಡ್‌ವಾರು, ಅಂದ್ರೆ ಕಾಯಿ ಗಾತ್ರದ ಪ್ರಕಾರ ರೇಟು ಕಾಗದದ ಮೇಲೆ ಇದ್ಯಾ ನೋಡ್ಕೊಳ್ಳಿ.

ಎಷ್ಟು ಜಮೀನು ಅನ್ನೋದು ಮನೇಲಿ ಎಷ್ಟು ಕೈ ಇದೆ ಅನ್ನೋದರ ಮೇಲೆ. ಒಟ್ಟು 90 ದಿನದ ಬೆಳೆ, ಸುಮಾರು ಒಂದು ತಿಂಗಳಿಗೆ ಕಾಯಿ ಶುರು, ಅಲ್ಲಿಂದ ದಿನಾ ಕೀಳಬೇಕು, ಹಬ್ಬ ಮದುವೆ ಏನೂ ನಡೆಯಲ್ಲ. ಕೆಜಿಗೆ 160ಕ್ಕಿಂತ ಜಾಸ್ತಿ ಕಾಯಿ ತೂಗೋ ಸಣ್ಣ ಗ್ರೇಡಿಗೆ ಒಳ್ಳೆ ರೇಟು, ಇವತ್ತು ಎಲೆ ಮರೇಲಿ ಬಿಟ್ಟ ಬೆರಳು ಗಾತ್ರದ ಕಾಯಿ ನಾಳೆ ಊದಿಕೊಂಡು ಕೆಳಗಿನ ಗ್ರೇಡಿಗೆ ಬಿದ್ದಿರುತ್ತೆ. ತೂಕ ಜಾಸ್ತಿ ಬಂತು ಅಂತ ಖುಷಿ ಪಡೋದು ಹೊಸಬರು ಮಾತ್ರ 😄

ಈಗ ಔಷಧಿ ವಿಷಯ, ಜಾಸ್ತಿ ತಲೆ ಕೆಡೋದು ಇಲ್ಲೇ. ಯುರೋಪ್‌ನಲ್ಲಿ ಬೇರೆ ಮಿತಿ ಗೊತ್ತು ಮಾಡದ ಔಷಧಿ ಕಾಯಲ್ಲಿ ಉಳಿದಿರೋಕೆ ಕೆಜಿಗೆ 0.01 ಮಿಲಿಗ್ರಾಂ ಅಷ್ಟೇ ಲಿಮಿಟ್, ಅಂದ್ರೆ 100 ಟನ್ ಕಾಯಲ್ಲಿ ಒಂದೇ ಗ್ರಾಂ. ಹೊಡೆದ ಮೇಲೆ ಏಳು ದಿನ ಕೀಳಬೇಡಿ ಅಂತ ಬಾಟಲಿ ಮೇಲೆ ಬರೆದಿದ್ರೆ, ದಿನಾ ಕೀಳೋ ಬೆಳೆಗೆ ಅದನ್ನ ಹೊಡೆಯೋದಾದ್ರೂ ಹೇಗೆ ಹೇಳಿ? ಹಾಗಾಗಿ ಜೋರು ಔಷಧಿ ಏನಿದ್ರೂ ಕಾಯಿ ಬಿಡೋಕೆ ಮುಂಚೆ, ಅದೂ ಕಂಪನಿ ಲಿಸ್ಟಲ್ಲಿ ಇರೋದು ಮಾತ್ರ. ಆಮೇಲೆ ಹಣ್ಣು ನೊಣಕ್ಕೆ ಮೋಹಕ ಬಲೆ (ವಾಸನೆಗೆ ನೊಣ ಬಂದು ಬೀಳೋ ಬಲೆ), ಬಿಳಿ ನೊಣಕ್ಕೆ ಹಳದಿ ಅಂಟು ಹಾಳೆ, ಬೇವಿನೆಣ್ಣೆ. ಬಳ್ಳಿನ ಕೋಲು ದಾರ ಕಟ್ಟಿ ಮೇಲಕ್ಕೆ ಹಬ್ಬಿಸಿ ಗಾಳಿ ಆಡೋ ಹಾಗೆ ಮಾಡಿದ್ರೆ ಬೂಜು ರೋಗನೂ ಕಡಿಮೆ. ಅಂಗಡಿಯವನು ಕೊಟ್ಟ ಅಂತ ಯಾವುದೋ ಒಂದು ಡಬ್ಬ ತಂದು ಹೊಡೆದ್ರೆ ನಿಮ್ಮ ಕಾಯಿ ಬೇರೆಯವರ ಕಾಯಿ ಜೊತೆ ಒಂದೇ ಡ್ರಮ್ಮಿಗೆ ಹೋಗಿ ಇಡೀ ಲೋಡ್ ರಿಜೆಕ್ಟ್ ಆಗಬಹುದು. ಯಾವ ದಿನ ಏನು ಹೊಡೆದ್ರಿ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ.

ಕಿತ್ತ ಕಾಯಿ ನೆರಳಲ್ಲಿಟ್ಟು ಅವತ್ತೇ ಕಲೆಕ್ಷನ್ ಸೆಂಟರ್‌ಗೆ ಕಳಿಸಿ. ತೂಕದ ಚೀಟಿಯಲ್ಲಿ ಒಟ್ಟು ಕೆಜಿ ಮಾತ್ರ ಬರೆದ್ರೆ ಒಪ್ಕೋಬೇಡಿ, ಯಾವ ಗ್ರೇಡ್ ಎಷ್ಟು ಅಂತ ಬರೆಸ್ಕೊಳ್ಳಿ, ಪೇಮೆಂಟ್ ಟೈಮಲ್ಲಿ ಜಗಳ ಬರೋದೇ ಅದಕ್ಕೆ.